ಸುಳ್ಳು ಸಕ್ಕರೆ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ಎಲ್ಲೋ ಹೇಳಹೊರಟರೆ ಇನ್ನೊಬ್ಬರ ದನಿಯಲ್ಲಿ ಹೇಳಿ ಜಾರಿಕೊಳ್ಳುವ ಜಾತಿ ನನ್ನದು. ಚನ್ನಗಿರಿಯ ಒಂದು ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಾಗ, ನಮ್ಮ ಜೀವಶಾಸ್ತ್ರದ ಮೇಷ್ಟ್ರ ಕೆಲಸ ಕಾಯಂ ಆಗಬೇಕಿದ್ದ ದಿನ, ಆಡಳಿತ ಮಂಡಳಿಯ ಕಾರ್ಯದರ್ಶಿಯ ದನಿಯಲ್ಲಿ ಅವರನ್ನು ಕರೆದೆ. ಕರೆಯುವುದಿಲ್ಲ ಎಂದು ಹಿಂದಿನ ದಿನವಷ್ಟೇ ಮಾತು ಕೊಟ್ಟಿದ್ದೆ. ಕರೆದದ್ದು ಒಂದೇ ಸಲ. ಅಷ್ಟು ಸಾಕಾಯಿತು.

ಮಂದಿಯ ದನಿ ತೆಗೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ನಲ್ಲೂರಿನಲ್ಲಿ ನಮ್ಮಪ್ಪನದು ಸಣ್ಣ ದಿನಸಿ ಅಂಗಡಿ. ಬೆಲ್ಲ ಕೇಳುವಾಗ ಗಟ್ಟಿಯಾಗಿ, ಕಡ ಕೇಳುವಾಗ ಮೆಲ್ಲಗೆ ಮಾತಾಡುವವರು, ಮೂಗಿನಲ್ಲೇ ಮಾತು ಮುಗಿಸುವವರು, ಪ್ರತಿ ಮಾತಿಗೂ ಕೆಮ್ಮು ಸೇರಿಸುವವರು, ಎಲ್ಲರೂ ಅಂಗಡಿಯ ಕಟ್ಟೆ ಇಳಿಯುವ ಮೊದಲೇ ನನ್ನ ಬಾಯಿಗೆ ಬಂದಿರುತ್ತಿದ್ದರು. ಅಪ್ಪನ ದನಿಯಲ್ಲಿ ಒಳಗಿದ್ದ ಅವ್ವನನ್ನು ಕರೆದು ಕಾಫಿ ತರಿಸಿಕೊಂಡು ಕುಡಿದವನು ನಾನು. ಹಾಗಂತ ಬೇರೆ ಯಾವುದರಲ್ಲೂ ಮುಂದಿರಲಿಲ್ಲ. ಓದಿನಲ್ಲಿ ಹಿಂದಿನ ಬೆಂಚು, ಕಬಡ್ಡಿಯಲ್ಲಿ ಅಂಗಿ ಕಾಯುವವನು. ನನ್ನ ಆಸ್ತಿ ಎಂದರೆ ದನಿ ಒಂದೇ. ಅದೂ ಬೇರೆಯವರದ್ದು.

ಮೇಷ್ಟ್ರು ಹೊನ್ನಾಳಿಯವರು. ಸಣ್ಣ ಆಳು, ದೊಡ್ಡ ಕಾಲರಿನ ಅಂಗಿ, ಮಾತಿಗೆ ಮೊದಲು ಗಂಟಲು ಸರಿಮಾಡಿಕೊಂಡು ‘ನೋಡ್ರಪ್ಪ’ ಎನ್ನುವ ರೂಢಿ. ಆ ಕೆಮ್ಮನ್ನೂ ಆ ‘ನೋಡ್ರಪ್ಪ’ನನ್ನೂ ನಾನು ಮೊದಲ ವಾರದಲ್ಲೇ ವಶಪಡಿಸಿಕೊಂಡಿದ್ದೆ. ಅವರು ಮೂರು ವರ್ಷದಿಂದ ತಾತ್ಕಾಲಿಕ. ಜೂನಿನಲ್ಲಿ ಕಾಗದ ಕೊಟ್ಟು ಸೇರಿಸಿಕೊಳ್ಳುವುದು, ಮಾರ್ಚಿನಲ್ಲಿ ಕಾಗದ ಕೊಟ್ಟು ಕಳಿಸುವುದು. ಅವರ ಅಂಗಿಯ ಜೇಬಿನಲ್ಲಿ ಇನ್ನೊಂದು ಕಾಗದ ಇರುತ್ತಿತ್ತು. ಮಡಿಚಿ ಮಡಿಚಿ ಮೂಲೆಗಳು ಹರಿದದ್ದು. ವಿಶ್ವವಿದ್ಯಾಲಯದ ಒಬ್ಬ ಪ್ರೊಫೆಸರು ಬರೆದದ್ದು: ಜೀನುಗಳು ಯಾವಾಗ, ಹೇಗೆ ಕೆಲಸಕ್ಕೆ ಏಳುತ್ತವೆ ಎಂಬುದರ ಮೇಲೆ ಸಂಶೋಧನೆ ಮಾಡಲು ನೀವು ಬರಬಹುದು, ಆದರೆ ಕಾಲೇಜಿನಲ್ಲಿ ಕಾಯಂ ಆಗಿದ್ದೀರಿ ಎಂಬ ಪತ್ರ ತನ್ನಿ. ಕಾಯಂ ಆದರೆ ರಜೆ, ರಜೆ ಸಿಕ್ಕರೆ ಆ ಕೆಲಸ. ಇದನ್ನು ಅವರು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಕಪ್ಪೆ ಕೊಯ್ಯುವಾಗ ಕೂಡ ಹೇಳುತ್ತಿದ್ದರು.

ಆ ವರ್ಷ ನ್ಯಾಮತಿಯಲ್ಲಿ ಅವರ ತಂಗಿಯ ಮದುವೆಯಾಯಿತು. ಕ್ಲಾಸಿಗೆ ಲಗ್ನಪತ್ರಿಕೆಗಳ ಕಟ್ಟು ಹಿಡಿದು ಬಂದರು. ಮೇಜಿನ ಮೇಲಿಟ್ಟು ‘ಎಲ್ಲಾರೂ ಬರ್ರಿ’ ಎನ್ನಬಹುದಿತ್ತು, ಅನ್ನಲಿಲ್ಲ. ಒಂದೊಂದು ಬೆಂಚಿನ ಹತ್ತಿರ ಹೋಗಿ, ಒಬ್ಬೊಬ್ಬರ ಹೆಸರು ಹಿಡಿದು, ಕೈಗೆ ಕೊಟ್ಟು ಕರೆದರು. ನಮ್ಮ ಕಡೆ ಗುಂಪಿಗೆ ಕರೆದರೆ ಅದು ಕರೆದಂತಲ್ಲ. ನನ್ನ ಹತ್ತಿರ ಬಂದಾಗ, “ನೀನೊಬ್ಬನೇ ಬಾರಪ್ಪ, ನಿನ್ನ ಬಾಯಾಗಿರೋ ಮಂದಿನೆಲ್ಲ ಕರ್ಕಂಡು ಬರಬ್ಯಾಡ. ಅಷ್ಟು ಜನಕ್ಕೆ ಅಡಿಗೆ ಮಾಡ್ಸಿಲ್ಲ” ಎಂದರು.

ಹೋದೆವು. ಮೊದಲ ಪಂಕ್ತಿಗೆ ಎಲೆ ಹಾಕಿತ್ತು, ಊಟದ ಚಪ್ಪರದ ಪರದೆ ಸರಿಸಿತ್ತು, ಸಾರಿನ ವಾಸನೆ ಬರುತ್ತಿತ್ತು. ಹಿರಿಯರು ಯಾರೂ ಏಳಲಿಲ್ಲ. ಹಸಿವಿಲ್ಲ ಅಂತಲ್ಲ. ಮನೆಯವರೊಬ್ಬರು ಬಂದು ಮುಂಗೈ ಹಿಡಿದು ‘ಏಳ್ರಿ’ ಎನ್ನುವ ಮೊದಲೇ ಎದ್ದರೆ ಊಟಕ್ಕೇ ಬಂದವರಂತೆ ಕಾಣುತ್ತದೆ. ಕರೆಯುವ ಕೆಲಸ ಮೇಷ್ಟ್ರ ಸೋದರಮಾವನದು. ಆಳು ಬಡಕಲು, ದನಿ ಮಾತ್ರ ಲಾರಿಯದು. ಅವರು ಬಂದು ಒಬ್ಬೊಬ್ಬರನ್ನೇ ಎಬ್ಬಿಸಿದರು. ‘ಇರ್ಲಿ ಬಿಡ್ರಿ, ಮುಂದಿನ ಪಂಕ್ತಿಗೆ ಕೂರ್ತೀವಿ’ ಎಂದವರನ್ನು ಎಳೆದೇ ಎಬ್ಬಿಸಿದರು. ಐದು ನಿಮಿಷದಲ್ಲಿ ಪಂಕ್ತಿ ತುಂಬಿತು.

ಆ ದನಿ ಕೇಳಿದ ಮೇಲೆ ನಾನು ಸುಮ್ಮನಿರುವುದು ಹೇಗೆ? ಮೊದಲ ಪಂಕ್ತಿ ಮುಗಿದು ಹುಡುಗರು ಒಳಗೆ ಎಂಜಲೆಲೆ ತೆಗೆಯುತ್ತಿದ್ದರು. ನಾನು ಚಪ್ಪರದ ಕಂಬದ ಹಿಂದೆ ನಿಂತು ಆ ಮಾವನ ದನಿಯಲ್ಲಿ, “ಏಳ್ರಿ, ಏಳ್ರಿ, ಹೊತ್ತಾತು, ಎರಡನೇ ಪಂಕ್ತಿಗೆ ಬರ್ರಿ” ಎಂದೆ. ಮೂವತ್ತು ನಲವತ್ತು ರುಮಾಲುಗಳು ಒಟ್ಟಿಗೆ ಎದ್ದವು. ಒಳಗೆ ಹೋಗಿ ಎಂಜಲೆಲೆಗಳ ನಡುವೆ ನಿಂತವು. ಕೂರುವ ಹಾಗಿಲ್ಲ, ವಾಪಸು ಬಂದರೆ ಮರ್ಯಾದೆ ಇಲ್ಲ. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಹಾಕಿ, ಹಾಕಿ ತೆಗೆದು, ಚಪ್ಪರದ ತೆಂಗಿನ ಗರಿಗಳನ್ನು ಮೊದಲ ಸಲ ಕಂಡವರಂತೆ ನೋಡುತ್ತಾ ನಿಂತರು.

ಮೇಷ್ಟ್ರು ಕಂಬದ ಹಿಂದೆ ಬಂದು ನನ್ನ ಕಿವಿ ಹಿಡಿದರು. ಕಪಾಳಕ್ಕೆ ಬೀಳುತ್ತದೆ ಎಂದುಕೊಂಡೆ. ಅವರು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, “ಸೋಮವಾರ ಕ್ಲಾಸು ತಪ್ಪಿಸಬ್ಯಾಡ” ಎಂದರು.

ಸೋಮವಾರದ ಪಾಠ ಪುಸ್ತಕದಲ್ಲಿ ಅರ್ಧ ಪುಟ ಇತ್ತು, ಇಂಗ್ಲಿಷಿನಲ್ಲಿ. ಅವರು ನಾಲ್ಕು ದಿನ ತೆಗೆದುಕೊಂಡರು, ಹೊನ್ನಾಳಿಯ ಮಾತಿನಲ್ಲಿ.

“ನೋಡ್ರಪ್ಪ. ನಿಮ್ಮ ಕಣ್ಣಾಗಿರೋ ಜೀವಕೋಶದಾಗೂ ಅದೇ ಪುಸ್ತಕ ಐತೆ, ಚರ್ಮದಾಗಿರೋದ್ರಾಗೂ ಅದೇ ಪುಸ್ತಕ ಐತೆ. ಜೀನು ಅಂದ್ರೆ ಅದರಾಗಿನ ಒಂದೊಂದು ಪುಟ. ಕಣ್ಣು ಯಾಕೆ ಚರ್ಮ ಆಗಲಿಲ್ಲ? ಪುಟ ಹರಿದು ಹೋಗಿಲ್ಲ. ಆ ಪುಟ ಓದು ಅಂತ ಅಲ್ಲಿ ಯಾರೂ ಕರೆದಿಲ್ಲ, ಅಷ್ಟೇಯ.”

ಆಮೇಲೆ ಕರುಳಿನ ಬ್ಯಾಕ್ಟೀರಿಯಾಕ್ಕೆ ಬಂದರು. ಅದಕ್ಕೆ ಗ್ಲೂಕೋಸ್ ಸಿಕ್ಕರೆ ಬೇರೇನೂ ಬೇಡ. ಹಾಲಿನ ಸಕ್ಕರೆಯನ್ನೂ ತಿನ್ನಬಲ್ಲದು, ಆದರೆ ಅದನ್ನು ಒಡೆಯಲು ಬೇರೆ ಕಿಣ್ವ ಮಾಡಿಕೊಳ್ಳಬೇಕು.

“ಆ ಕಿಣ್ವದ ಜೀನಿನ ಬಾಗಿಲಾಗೆ ಒಬ್ಬ ಕಾವಲುಗಾರ ಕೂತಿರ್ತಾನೆ. ಹಾಲಿನ ಸಕ್ಕರೆ ಬಂದು ಅವನಿಗೆ ಅಂಟಿಕಂಡ್ರೆ ಅವನ ಆಕಾರ ಬದಲಾಗಿ ಹಿಡಿತ ಸಡಿಲಾಗಿ ಬಿದ್ದು ಹೋಗ್ತಾನೆ. ಬಾಗಿಲು ತೆರೀತು. ಇನ್ನು ಜೀನಿನ ನಕಲು ತೆಗೆಯೋ ಯಂತ್ರ ಬಂದು ಕೂರಬೇಕು. ನಕಲು ಆದ್ರೆ ಕಿಣ್ವ ಆತು. ಕೂರ್ತೈತಾ?”

“ಕೂರ್ತೈತೆ ಸಾರ್” ಎಂದಿತು ಮುಂದಿನ ಬೆಂಚು.

“ನ್ಯಾಮತಿಯಾಗೆ ಪರದೆ ಸರಿಸಿದ ಕೂಡ್ಲೆ ಕೂತ್ರಾ?”

ಮುಂದಿನ ಬೆಂಚು ಹಿಂದಿನ ಬೆಂಚಿನ ಕಡೆ ತಿರುಗಿತು.

“ನಾಚಿಕೆ ಬಿಟ್ಟೋರು ಒಬ್ಬಿಬ್ಬರು ಹೋಗಿ ಕೂತಿರಬಹುದು. ಪಂಕ್ತಿ ತುಂಬಲ್ಲ. ತುಂಬಬೇಕಂದ್ರೆ ಕರೆಯೋರು ಬೇಕು. ಗ್ಲೂಕೋಸ್ ಖಾಲಿಯಾಗ್ತಿದ್ದಂಗೆ ಕೋಶದಾಗೆ ಒಂದು ಸಣ್ಣ ಅಣು ಹೆಚ್ಚಾಗ್ತೈತೆ. ಅದು ಹಸಿವಿನ ಸುದ್ದಿ ಅಂತ ತಿಳ್ಕಳ್ರಿ. ಆ ಸುದ್ದಿ ಹಿಡ್ಕಂಡು ಒಂದು ಪ್ರೊಟೀನು ಬಂದು ಜೀನಿನ ಮಗ್ಗಲಾಗೆ ನಿಂತು ಆ ಯಂತ್ರದ ಮುಂಗೈ ಹಿಡೀತೈತೆ. ಬರ್ರಿ, ಇಲ್ಲಿ ಕೂತ್ಕಳ್ರಿ ಅಂತೈತೆ. ಆವಾಗ ನಕಲಿನ ಮೇಲೆ ನಕಲು. ಆ ಪ್ರೊಟೀನೇ ನಮ್ಮ ಮಾವ.”

ನಾನು ಓದಿದ್ದರಲ್ಲಿ ನನಗೆ ಈಗಲೂ ಅರ್ಥವಾಗಿ ಉಳಿದಿರುವುದು ಇದೊಂದೇ. ಬಾಗಿಲು ತೆರೆದರೆ ಸಾಲದು, ಪಕ್ಕಕ್ಕೆ ಬಂದು ಕೈ ಹಿಡಿಯುವವರು ಬೇಕು.

ನಾಲ್ಕನೇ ದಿನ ಅವರು ನನ್ನ ಸರದಿಗೆ ಬಂದರು.

“ಲ್ಯಾಬಿನಾಗೆ ಒಂದು ಸುಳ್ಳು ಸಕ್ಕರೆ ಮಾಡ್ಯಾರೆ. ಹಾಲಿನ ಸಕ್ಕರೆ ಹೋದಂಗೆ ಹೋಗಿ ಕಾವಲುಗಾರನಿಗೆ ಅಂಟಿಕಂತೈತೆ. ಅವನು ಬಿದ್ದು ಹೋಗ್ತಾನೆ. ಕೋಶ ಪಾಪ ಒಲೆ ಹಚ್ಚಿ, ಪಾತ್ರೆ ಇಟ್ಟು, ರಾಶಿ ರಾಶಿ ಕಿಣ್ವ ಮಾಡ್ತೈತೆ. ಒಡೆದು ತಿನ್ನಾಕೆ ಹೋದ್ರೆ ಆ ಸಕ್ಕರೆ ಒಡೆಯಲ್ಲ. ಹಸಿದಿರೋ ಕೋಶನೇ ಜಾಸ್ತಿ ಮೋಸ ಹೋಗೋದು, ಯಾಕಂದ್ರೆ ಅಲ್ಲಿ ಮಾವನೂ ಬಂದು ನಿಂತಿರ್ತಾನೆ. ಎಲ್ಲಿ, ಹಿಂದಿನ ಬೆಂಚಿನ ಸುಳ್ಳು ಸಕ್ಕರೆ, ಎದ್ದು ನಿಲ್ಲಪ್ಪ.”

ಎದ್ದು ನಿಂತೆ. ಕ್ಲಾಸು ನಕ್ಕಿತು, ನಾನೂ ನಕ್ಕೆ. ನನಗೆ ಸಿಕ್ಕ ಮೊದಲ ಬಿರುದು ಅದು. ಬಹಳ ದಿನ ಅದನ್ನು ಹೆಮ್ಮೆಯಿಂದ ಹೊತ್ತುಕೊಂಡು ತಿರುಗಿದೆ.

ಬಿರುದು ಸಿಕ್ಕ ಮೇಲೆ ಅದಕ್ಕೆ ತಕ್ಕ ಕೆಲಸವೂ ಬೇಕಲ್ಲ. ಕಾಲೇಜಿನ ಕಾರ್ಯದರ್ಶಿಗಳು ಊರಿನ ದೊಡ್ಡ ಅಡಿಕೆ ವ್ಯಾಪಾರಿ. ಬಾಯಲ್ಲಿ ಸದಾ ಎಲೆಯಡಿಕೆ. ರಸ ಚೆಲ್ಲದಿರಲೆಂದು ಗದ್ದ ಮೇಲೆತ್ತಿ ಮಾತಾಡುವುದರಿಂದ ಎಲ್ಲರೂ ಅವರ ಮೂಗಿನ ಹೊಳ್ಳೆಗಳಿಗೇ ಉತ್ತರ ಕೊಡಬೇಕು. ಆ ದನಿ ತೆಗೆಯುವುದು ಸುಲಭ. ಕೆನ್ನೆಯೊಳಗೆ ಒಂದು ತುಂಡು ಸೀಬೆಹಣ್ಣು ಇಟ್ಟುಕೊಂಡು ಗದ್ದ ಎತ್ತಿದರೆ ಆಯಿತು. ಮೇಷ್ಟ್ರು ಲ್ಯಾಬಿನಲ್ಲಿದ್ದಾಗ ಹೊರಗಿನ ನೀರಿನ ತೊಟ್ಟಿಯ ಹಿಂದೆ ಕೂತು, “ಮೇಷ್ಟ್ರೇ, ಬರ್ರಿ ಈ ಕಡೆ” ಎಂದೆ. ಅವರು ಕೈಯಲ್ಲಿದ್ದ ಬೀಕರು ಇಟ್ಟು, ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಳ್ಳುತ್ತಾ ಓಡಿ ಬಂದರು. ತೊಟ್ಟಿಯ ಹಿಂದೆ ನನ್ನನ್ನು ಕಂಡರು.

ಮೂರನೇ ಸಲಕ್ಕೆ ಅವರು ಓಡಿ ಬರುವುದು ನಿಂತಿತು. ಕಿಟಕಿಯಿಂದ ಒಮ್ಮೆ ನೋಡಿ, ಒಳಗಿನಿಂದಲೇ, “ಬಾಯಾಗಿಂದು ಉಗಿದು ಬರ್ರಿ ಸಾಹುಕಾರ್ರೇ, ಆಮೇಲೆ ಕರೀರಿ” ಎಂದರು. ಲ್ಯಾಬಿನಲ್ಲಿದ್ದ ಹುಡುಗರು ಹೊಟ್ಟೆ ಹಿಡಿದು ನಕ್ಕರು. ಅಲ್ಲಿಂದ ಅದು ನಮ್ಮಿಬ್ಬರ ನಡುವಿನ ಆಟವಾಯಿತು. ನಾನು ಕರೆಯುವುದು, ಅವರು ಹಾಗೆನ್ನುವುದು. ವಾರಕ್ಕೆರಡು ಸಲವಾದರೂ ನಡೆಯುತ್ತಿತ್ತು. ಮೆತ್ತಗಿನ ಮನುಷ್ಯ, ಯಾರಿಗೂ ಎದುರು ಮಾತಾಡಿದವರಲ್ಲ. ಆ ಒಂದು ಮಾತು ಅನ್ನುವಾಗ ಅವರ ಮುಖದಲ್ಲಿ ಮೂರು ವರ್ಷದ ಜೂನು ಮಾರ್ಚುಗಳೆಲ್ಲ ಸ್ವಲ್ಪ ಹೊತ್ತು ಮಾಯವಾಗುತ್ತಿದ್ದವು. ಆ ಮಾತು ಅವರ ನಾಲಗೆಗೆ ಅಂಟುವ ಹಾಗೆ ಮಾಡಿದವನು ನಾನು.

ಆಡಳಿತ ಮಂಡಳಿ ಕೂತು ಅವರನ್ನು ಕಾಯಂ ಮಾಡುವ ವಿಷಯ ತೀರ್ಮಾನಿಸುವ ದಿನ ಗೊತ್ತಾಯಿತು. ಹಿಂದಿನ ದಿನ ತೊಟ್ಟಿಯ ಹತ್ತಿರ ನನ್ನನ್ನು ನಿಲ್ಲಿಸಿಕೊಂಡರು.

“ನಾಳೆ ಒಂದಿನ ಬ್ಯಾಡಪ್ಪ.”

“ಇಲ್ಲ ಸಾರ್. ನಿಮ್ಮಾಣೆ.”

“ಆಣೆ ಬ್ಯಾಡ. ಮಾತು ಸಾಕು.”

“ಮಾತು ಕೊಟ್ಟೆ ಸಾರ್.”

“ಯಾರ ದನಿಯಾಗೆ ಕೊಟ್ಟೆ?” ಎಂದು ಕೇಳಿ ನಕ್ಕರು.

ಮರುದಿನ ತಂಗಿಯ ಮದುವೆಗೆ ಹೊಲಿಸಿದ ಅಂಗಿ ಹಾಕಿಕೊಂಡು ಬಂದಿದ್ದರು. ಹತ್ತು ಗಂಟೆಗೇ ಲ್ಯಾಬಿನಲ್ಲಿ ಕೂತು ಕಾಗದಗಳನ್ನು ಜೋಡಿಸುವುದು, ಬಿಚ್ಚುವುದು, ಮತ್ತೆ ಜೋಡಿಸುವುದು. ನಾವು ನಾಲ್ಕು ಜನ ತೊಟ್ಟಿಯ ಹತ್ತಿರ ನಿಂತಿದ್ದೆವು. “ಇವತ್ತು ಕರಿ ನೋಡಾನ, ಆವಾಗ ಒಪ್ತೀನಿ” ಎಂದ ಒಬ್ಬ. ನನ್ನಂಥವನಿಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಸೀಬೆಹಣ್ಣು ಇರಲಿಲ್ಲ, ನಾಲಗೆಯನ್ನೇ ಕೆನ್ನೆಗೆ ಒತ್ತಿಕೊಂಡೆ.

“ಮೇಷ್ಟ್ರೇ, ಬರ್ರಿ ಈ ಕಡೆ.”

ಆ ದಿನ ಅವರು ಕಿಟಕಿಗೂ ಬರಲಿಲ್ಲ, ಉಗಿದು ಬರ್ರಿ ಎಂದೂ ಅನ್ನಲಿಲ್ಲ. ಮಾತು ಕೊಟ್ಟಿದ್ದೆನಲ್ಲ, ನಂಬಿದ್ದರು. ಕಾಗದಗಳನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಾ ಪ್ರಿನ್ಸಿಪಾಲರ ಕೋಣೆಯ ಕಡೆ ಓಡಿದರು. ಬಾಗಿಲಲ್ಲಿ ಜವಾನ, “ಇನ್ನಾ ಯಾರೂ ಬಂದೇ ಇಲ್ಲಲ್ರೀ ಸಾರ್. ನಿಮ್ಮನ್ನ ಯಾರು ಕರೆದ್ರು?” ಎಂದ.

ವಾಪಸು ಬರುವಾಗ ತೊಟ್ಟಿಯ ಕಡೆ ಒಮ್ಮೆ ನೋಡಿದರು. ಒಳಗೆ ಹೋದರು.

ಉಳಿದ ಮೂವರು ಕ್ಲಾಸಿಗೆ ಹೋದರು. ನನಗೆ ಹೋಗಲು ಮುಖವಿರಲಿಲ್ಲ, ತೊಟ್ಟಿಯ ಹಿಂದೆಯೇ ಕೂತೆ. ಹನ್ನೊಂದು ದಾಟಿರಬೇಕು, ನಿಜವಾದ ಕಾರ್ಯದರ್ಶಿಗಳು ಕಾರಿಡಾರಿನ ಆ ತುದಿಯಿಂದ ಬಂದರು. ಬಿಳಿ ಕಚ್ಚೆ, ಕಂಕುಳಲ್ಲಿ ಛತ್ರಿ, ಮೇಲೆತ್ತಿದ ಗದ್ದ. ಜವಾನನನ್ನು ಕಳಿಸಬಹುದಿತ್ತು. ಯಾಕೆ ತಾವೇ ಬಂದರು ಎನ್ನುವುದು ಆಮೇಲೆ ಆ ಜವಾನನಿಂದಲೇ ತಿಳಿಯಿತು. ಒಳಗೆ ಎಲ್ಲರೂ ಒಪ್ಪಿಯಾಗಿತ್ತಂತೆ. “ಮೂರು ವರ್ಷ ಸುಮ್ನೆ ದುಡಿದಾರೆ, ನಾನೇ ಹೋಗಿ ಕರ್ಕಂಡು ಬರ್ತೀನಿ” ಎಂದು ಎದ್ದು ಬಂದಿದ್ದರಂತೆ. ಕೈ ಹಿಡಿದು ಎಬ್ಬಿಸಿ ಪಂಕ್ತಿಗೆ ಕೂರಿಸಲು ಬಂದಿದ್ದರು.

ನನ್ನಿಂದ ಲ್ಯಾಬಿನ ಕಿಟಕಿಗೆ ಹತ್ತು ಹೆಜ್ಜೆ. ಎದ್ದು ಓಡಿ, ಸಾರ್, ಇದು ಖರೇ ದನಿ ಎಂದು ಕೂಗಬಹುದಿತ್ತು. ಕೂಗಲಿಲ್ಲ. ಹೆದರಿಕೆಯಿಂದ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಅಲ್ಲ. ಅಸಲು ಮನುಷ್ಯ ಅದೇ ಮಾತನ್ನು ಅದೇ ಜಾಗದಲ್ಲಿ ಹೇಳಿದರೆ ನನ್ನದಕ್ಕೂ ಅವರದಕ್ಕೂ ಎಷ್ಟು ವ್ಯತ್ಯಾಸ ಎಂದು ಕೇಳುವ ಆಸೆ. ಕಿವಿ ನಿಮಿರಿಸಿ ಕೂತಿದ್ದೆ.

“ಮೇಷ್ಟ್ರೇ, ಬರ್ರಿ ಈ ಕಡೆ.”

ವ್ಯತ್ಯಾಸ ಇರಲಿಲ್ಲ. ನಾನು ಅಷ್ಟು ಚೆನ್ನಾಗಿ ಮಾಡುತ್ತಿದ್ದೆ.

ಒಳಗಿನಿಂದ ಉತ್ತರ ಬಂತು. ಎಂದಿನ ನಗೆ ಅದರಲ್ಲಿರಲಿಲ್ಲ, ಬೆಳಗಿನ ಸಿಟ್ಟು ಇತ್ತು. “ಬಾಯಾಗಿಂದು ಉಗಿದು ಬಾರೋ ಸಾಹುಕಾರ, ಆಮೇಲೆ ಕರೀವಂತೆ.”

ಕಾರ್ಯದರ್ಶಿಗಳು ನಿಂತರು. ಆಮೇಲೆ ಹೇಳಿದ ಮಾತು ಕೇಳುವವರಂತೆ ಅಂಗಳಕ್ಕೆ ಬಗ್ಗಿ ಬಾಯಲ್ಲಿದ್ದದ್ದನ್ನು ಉಗಿದು, ವಲ್ಲಿಯಿಂದ ತುಟಿ ಒರೆಸಿಕೊಂಡು, ಬಂದ ದಾರಿಯಲ್ಲೇ ಹೋದರು. ಎರಡನೇ ಸಲ ಕರೆಯಲಿಲ್ಲ. ನಮ್ಮ ಕಡೆ ಕರೆದವರ ಮರ್ಯಾದೆಗೆ ಎರಡನೇ ಸಲ ಇಲ್ಲ.

ಹುಡುಗರ ನಗು ಕೇಳಿಸಲಿಲ್ಲವಲ್ಲ ಎಂದೋ ಏನೋ ಮೇಷ್ಟ್ರು ಹೊರಗೆ ಬಂದರು. ಕಲ್ಲಿನ ಮೇಲೆ ಹಸಿ ಕೆಂಪು ಕಂಡರು. ಕಾರಿಡಾರಿನ ತುದಿಯಲ್ಲಿ ತಿರುಗುತ್ತಿದ್ದ ಛತ್ರಿ ಕಂಡರು. ಓಡಿದರು. ಆ ಹೊತ್ತಿಗೆ ಪ್ರಿನ್ಸಿಪಾಲರ ಕೋಣೆಯ ಬಾಗಿಲು ಹಾಕಿತ್ತು. ಸಂಜೆ ಐದರವರೆಗೂ ಆ ಬಾಗಿಲ ಹೊರಗಿನ ಬೆಂಚಿನ ಮೇಲೆ, ಮದುವೆಯ ಅಂಗಿಯಲ್ಲಿ, ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಂಡಳಿಯವರು ಒಬ್ಬೊಬ್ಬರೇ ಎದ್ದು ಅವರ ಮುಂದೆಯೇ ಹೋದರು. ಯಾರೂ ಕರೆಯಲಿಲ್ಲ.

ನಾನು ಹೋಗಿ ನಿಜ ಹೇಳಬಹುದಿತ್ತು. ಕಾರ್ಯದರ್ಶಿಗಳ ಅಡಿಕೆ ಮಂಡಿಯ ಎದುರು ಎರಡು ದಿನ ನಿಂತು ಬಂದೆ. ಹೇಳಿದರೆ ಸಾಹುಕಾರರು ನಂಬಬೇಕಲ್ಲ. ನಂಬಿಸಬೇಕೆಂದರೆ ಅವರ ದನಿಯನ್ನು ಅವರ ಮುಖದ ಮುಂದೆಯೇ ತೆಗೆಯಬೇಕು. ಊರೆಲ್ಲರ ದನಿ ತೆಗೆದು ಮೆರೆದವನಿಗೆ, ಬೇಕಾದ ದಿನ ಅದೊಂದು ದನಿ ಹೊರಡಲಿಲ್ಲ. ಮಾರ್ಚಿನಲ್ಲಿ ಮೇಷ್ಟ್ರಿಗೆ ಎಂದಿನಂತೆ ಬಿಡುಗಡೆಯ ಕಾಗದ ಬಂತು. ಜೂನಿನಲ್ಲಿ ಸೇರಿಸಿಕೊಳ್ಳುವ ಕಾಗದ ಬರಲಿಲ್ಲ. ಮಾರ್ಚಿನವರೆಗಿನ ತಿಂಗಳುಗಳಲ್ಲಿ ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಪಾಠವನ್ನು ಪುಸ್ತಕದಲ್ಲಿದ್ದಂತೆ ಓದಿ ಹೇಳಿ ಹೋಗುತ್ತಿದ್ದರು. ಮಾವ, ಮದುವೆ, ಪಂಕ್ತಿ ಯಾವುದೂ ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ಆರೇಳು ವರ್ಷಗಳಾದವು. ನಾನು ಪಿಯುಸಿಯಲ್ಲೇ ನಿಂತೆ. ಈಗ ಒಂದು ಸೋಪಿನ ಕಂಪನಿಯ ವ್ಯಾನಿನಲ್ಲಿ ಮೈಕು ಹಿಡಿದು ಊರೂರು ತಿರುಗುತ್ತೇನೆ. ಮಂತ್ರಿಗಳ ದನಿಯಲ್ಲಿ, ಸಿನಿಮಾದವರ ದನಿಯಲ್ಲಿ ಸೋಪು ಹೊಗಳುತ್ತೇನೆ. ಹೋದ ವರ್ಷ ಜಗಳೂರಿನ ಕಡೆ ಹೋಗಿದ್ದಾಗ ಸೊಕ್ಕೆಯ ರಸ್ತೆಯಲ್ಲಿ ಒಂದು ಹೈಸ್ಕೂಲಿನ ಎದುರು ವ್ಯಾನು ನಿಲ್ಲಿಸಿ ಶುರುಮಾಡಿದೆ. ಮಕ್ಕಳೆಲ್ಲ ಕಿಟಕಿಗೆ ಬಂದರು. ಅವರ ಹಿಂದೆ ಒಬ್ಬ ಮೇಷ್ಟ್ರು ಸೀಮೆಸುಣ್ಣ ಹಿಡಿದುಕೊಂಡೇ ಹೊರಗೆ ಬಂದರು. ಕೂದಲು ಅರ್ಧ ಬೆಳ್ಳಗಾಗಿತ್ತು. ಗಂಟಲು ಸರಿಮಾಡಿಕೊಂಡಾಗ ನನ್ನ ಕೈಯಲ್ಲಿದ್ದ ಮೈಕು ತಾನಾಗಿ ಕೆಳಗಿಳಿಯಿತು.

“ಸಾರ್, ನಾನು.”

“ಗೊತ್ತಾತು. ಮೂರು ದನಿ ಕೇಳಿದ ಮೇಲೆ ಗೊತ್ತಾತು. ಎರಡನೇದು ಸ್ವಲ್ಪ ಮೂಗು ಜಾಸ್ತಿ ಆತು.”

ಶಾಲೆಯ ಕಟ್ಟೆಯ ಮೇಲೆ ಕೂರಿಸಿದರು. ಒಬ್ಬ ಹುಡುಗಿಗೆ ಹೇಳಿ ನೀರು ತರಿಸಿ ಕೊಟ್ಟರು.

“ಏನು ಪಾಠ ಸಾರ್ ಈಗ?”

“ಬೀಜ ಮೊಳಕೆ ಒಡೆಯೋದು. ಎಂಟನೇ ಕ್ಲಾಸು.”

“ಒಳಗೆ ಜೀನು ಏಳೋದು ಹೇಳಲ್ವಾ?”

“ಅದು ಪುಸ್ತಕದಾಗಿಲ್ಲ.”

“ಆ ಪ್ರೊಫೆಸರು?”

“ರಿಟೈರ್ ಆದ್ರಂತೆ. ಇನ್ನೇನು ಸಮಾಚಾರ? ನಿಮ್ಮಪ್ಪ ಹೆಂಗದಾರೆ?”

ಅಪ್ಪನ ಸಮಾಚಾರ ಹೇಳಿದೆ. ನೀರು ಕುಡಿದು ಲೋಟ ಕೆಳಗಿಟ್ಟು, ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡದ್ದನ್ನು ಹೇಳಿದೆ.

“ಅವತ್ತು ಅವರು ಬರೋದನ್ನ ನಾನು ನೋಡಿದ್ದೆ ಸಾರ್. ತೊಟ್ಟಿ ಹಿಂದೆ ಇದ್ದೆ.”

“ಕಿಟಕಿಯಾಗಿಂದ ನಿನ್ನ ಚಪ್ಪಲಿ ಕಾಣಿಸ್ತಿತ್ತು” ಎಂದರು. “ಅದನ್ನ ನೋಡೇ ನಾನು ಹಂಗಂದಿದ್ದು.”

ಇದು ನನಗೆ ಗೊತ್ತಿರಲಿಲ್ಲ. ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ನಗಿಸಿ ದಾಟಿಕೊಳ್ಳುವ ಹಳೇ ಚಾಳಿ, ಬಾಯಿ ಮುಂದೆ ಹೋಯಿತು.

“ಏನು ಮಾಡದು ಸಾರ್, ನೀವೇ ಪಾಠ ಮಾಡಿದ್ರಲ್ಲ. ನಾನು ಸುಳ್ಳು ಸಕ್ಕರೆ. ಕೋಶ ಮೋಸ ಹೋದ್ರೆ ಸಕ್ಕರೆದೇನು ತಪ್ಪು? ಅದರ ಆಕಾರನೇ ಹಂಗಿರ್ತೈತೆ.”

ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣವನ್ನು ನೋಡಿಕೊಂಡರು. ಎದ್ದರು. ಕ್ಲಾಸಿನ ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಪಾಠದಲ್ಲಿ ತಪ್ಪು ಉತ್ತರ ಹೇಳಿದ ಹುಡುಗನನ್ನು ತಿದ್ದುವ ದನಿಯಲ್ಲಿ ಹೇಳಿದರು:

“ಸಕ್ಕರೆಗೆ ತಾನು ಸುಳ್ಳು ಅಂತ ಗೊತ್ತಿರಲ್ಲಪ್ಪ. ನಿನಗೆ ಗೊತ್ತಿತ್ತು.”